ಒಂದು ಊರಿಗೆ ಒಂದೇ

ಹೋದ ತಿಂಗಳು ತೀರಿಕೊಂಡ ಆ ಡ್ರೈವರು ಮಕ್ಕಳನ್ನು ಮುದ್ದು ಮಾಡುವ ಪೈಕಿಯವರೇ ಅಲ್ಲ. ಮಗುವಿನ ಕೆನ್ನೆ ಹಿಂಡಿದ್ದನ್ನಾಗಲಿ, ಚಿನ್ನ ಬಂಗಾರಿ ಎಂದು ರಮಿಸಿದ್ದನ್ನಾಗಲಿ ನಾನು ಕಾಣೆ. ಮುಖ ಯಾವಾಗಲೂ ಗಂಟು ಹಾಕಿಕೊಂಡೇ ಇರುತ್ತಿತ್ತು. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಕಾರುಗಳು ನಿಲ್ಲುವ ಜಾಗದಲ್ಲಿ ಉಳಿದ ಡ್ರೈವರುಗಳು ಮರದ ಕೆಳಗೆ ಇಸ್ಪೀಟು ಹಾಕಿ ಕೂತಿದ್ದರೆ, ಇವರು ತಮ್ಮ ಬಿಳಿ ಕಾರಿಗೆ ಒರಗಿ ಒಬ್ಬರೇ ನಿಂತಿರುತ್ತಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿ ಕರಡಿಗೆ, ಇಸ್ತ್ರಿ ಕಾಣದ ಖಾಕಿ ಅಂಗಿ. ಬಾಡಿಗೆ ಕೇಳಿದವರಿಗೆ ಅವರ ಪ್ರಶ್ನೆ ಎರಡೇ. "ಎಲ್ಲಿಗ್ರಿ? ಎಷ್ಟ್ ಮಂದಿ?" ನನ್ನ ಗಂಡ ಮೊದಲ ಸಲ ಕೇಳಲು ಹೋದಾಗ ಮಾತ್ರ ಮೂರನೆಯದೊಂದು ಕೇಳಿದರಂತೆ. "ಮಗೂಗೆ ಎಷ್ಟ್ ತಿಂಗಳು?"

ಆ ಮಗು ನಮ್ಮ ಪುಟ್ಟಿ. ಆಗ ಅವಳಿಗೆ ಒಂದು ವರ್ಷ ಮೂರು ತಿಂಗಳು. ಹುಟ್ಟುವಾಗಲೇ ಹೃದಯದಲ್ಲಿ ತೂತಿತ್ತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದಾಗಿತ್ತು. ಆಪರೇಷನ್ ಆಗಲೇಬೇಕು, ಆದರೆ ಮೈಯಲ್ಲಿ ಸ್ವಲ್ಪ ತೂಕ ಬರುವ ತನಕ ಕಾಯಬೇಕು, ಅಲ್ಲಿಯವರೆಗೆ ಎರಡು ತಿಂಗಳಿಗೊಮ್ಮೆ ಬೆಂಗಳೂರಿಗೆ ಕರೆತಂದು ತೋರಿಸಬೇಕು ಎಂದಿದ್ದರು. ಡಾಕ್ಟರು ಚಿತ್ರ ಬರೆದು ವಿವರಿಸಿದ್ದರಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಒಂದೇ ಮಾತು: ಜೋರಾಗಿ ಅಳಲು ಬಿಡಬೇಡಿ. ಅತ್ತರೆ ಅವಳ ತುಟಿ, ಉಗುರು ನೀಲಿಯಾಗುತ್ತಿದ್ದವು. ಆಗ ಮೊಣಕಾಲು ಮಡಚಿ ಎದೆಗೊತ್ತಿ ಹಿಡಿದುಕೊಂಡು, ಉಸಿರು ಹತೋಟಿಗೆ ಬರುವ ತನಕ ಕಾಯಬೇಕು. ಮನೆಯಲ್ಲಾದರೆ ಹೇಗೋ ನಿಭಾಯಿಸುತ್ತಿದ್ದೆವು. ಅತ್ತೆ ಇದ್ದರು, ಎದುರಿಗೆ ಕರು ಇತ್ತು, ಕಾಗೆ ಇತ್ತು. ಕಾರಿನೊಳಗೆ ಎಂಟು ತಾಸು ಒಂದು ಕೂಸನ್ನು ಅಳದಂತೆ ಕೂರಿಸಿಕೊಳ್ಳುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಮೊದಲ ಸಲ ಬೇರೆ ಯಾರದೋ ಕಾರಿನಲ್ಲಿ ಹೋಗಿದ್ದೆವು. ತರೀಕೆರೆ ಬರುವಷ್ಟರಲ್ಲಿ ಗಿಲಕಿ, ಬೊಂಬೆ, ಬಿಸ್ಕತ್ತು, ನನ್ನ ಬಳೆ, ನನ್ನ ಹಾಡು ಎಲ್ಲ ಮುಗಿದಿದ್ದವು. ಅಲ್ಲೇ ರಸ್ತೆ ಬದಿಯಲ್ಲಿ ಅವಳನ್ನು ಮಡಚಿ ಹಿಡಿದುಕೊಂಡು ನಾನು ಕೂತಿದ್ದೆ. ಅವಳ ಮುಖ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಆ ಕಾರಿನ ಡ್ರೈವರು ಗಾಬರಿಯಿಂದ ಹಾರ್ನ್ ಒತ್ತುತ್ತಲೇ ಇದ್ದ. ಯಾಕೆ ಒತ್ತುತ್ತಿದ್ದನೋ ಅವನಿಗೂ ಗೊತ್ತಿರಲಿಲ್ಲ. ಹೇಗೋ ಬದುಕಿಕೊಂಡಳು. ವಾಪಸು ಬಂದ ಮೇಲೆ ನನ್ನ ಗಂಡನಿಗೆ ಅಂಗಡಿಯಲ್ಲಿ ಯಾರೋ, ಕೂಸಿದ್ದರೆ ಇವರೇ ಸರಿ ಎಂದು ಈ ಬಿಳಿ ಕಾರಿನವರ ಹೆಸರು ಹೇಳಿದರು. ಗೊಬ್ಬರ, ಬಿತ್ತನೆ ಬೀಜದ ಅಂಗಡಿ ನಮ್ಮದು, ಹತ್ತು ಊರಿನ ಸುದ್ದಿ ಅಲ್ಲಿಗೆ ಬರುತ್ತದೆ.

ಹೊರಡುವುದು ಗುರುವಾರವೆಂದರೆ ಅವರು ಸೋಮವಾರ ಸಂಜೆಯೇ ನಮ್ಮ ಮನೆ ಮುಂದೆ ಕಾರು ತಂದು ನಿಲ್ಲಿಸಿದರು. ನಾನು ಶಾಲೆಯಿಂದ ಆಗಷ್ಟೇ ಬಂದಿದ್ದೆ.

"ಇವತ್ತಲ್ಲ, ಗುರುವಾರ" ಎಂದೆ.

"ಗೊತ್ತೈತ್ರಿ ಅಕ್ಕೋರೆ. ಮಗೂನ ಕರ್ಕಂಡ್ ಬಂದು ಹಿಂದ ಕುಂದರ್ಸ್ರಿ. ಎಲ್ಲೂ ಹೋಗೂದಿಲ್ಲ."

ಹಿಂದಿನ ಸೀಟಿನಲ್ಲಿ ನಾನು ಅವಳನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ತಾಸು ಕೂತೆ. ಎಂಜಿನ್ನು ಬಂದಾಗಿತ್ತು. ಬಾಗಿಲು ಒಮ್ಮೆ ತೆಗೆದರು, ಹಾಕಿದರು, ಮತ್ತೆ ತೆಗೆದರು. ಮರುದಿನ ಬಸ್‌ಸ್ಟ್ಯಾಂಡಿನ ತನಕ ಹೋಗಿ ತಿರುಗಿ ಬಂದೆವು. ಬುಧವಾರ ಶಿಕಾರಿಪುರದ ರಸ್ತೆಯಲ್ಲಿ ಎರಡು ಮೈಲಿ. ನನಗೆ ತಲೆ ಕೆಟ್ಟಿತ್ತು. ಇದೆಲ್ಲ ಏನು ನಾಟಕ ಎಂದು ಕೇಳಿಯೂ ಕೇಳಿದೆ. ನನ್ನ ಬಾಯಿ ಸ್ವಲ್ಪ ಹಾಗೇ.

"ಗಾಡಿ ಅಂದ್ರ ಸೂಜಿ ಚುಚ್ಚೂ ಜಾಗಕ್ಕ ಹೋಗೂದು ಅಂತ ಆಕಿಗೆ ತಿಳಿದೈತಿ. ಅದನ್ನ ಮರಸ್ಬೇಕ್ರಿ" ಎಂದರು.

ಆಮೇಲೆ ಗಮನಿಸಿದೆ, ಮುಂದಿನ ಕನ್ನಡಿಯ ಕೆಳಗೆ ಇನ್ನೊಂದು ಚಿಕ್ಕ ಕನ್ನಡಿಯನ್ನು ತಂತಿಯಿಂದ ಬಿಗಿದಿದ್ದರು. ಯಾವುದೋ ಹಳೆಯ ಸ್ಕೂಟರಿನದು. ಅದನ್ನು ಎಷ್ಟು ಕೆಳಕ್ಕೆ ಬಾಗಿಸಿದ್ದರೆಂದರೆ ನಮ್ಮ ಮುಖ ಅದರಲ್ಲಿ ಕಾಣುತ್ತಿರಲಿಲ್ಲ. ತೊಡೆಯ ಮೇಲೆ ಕೂತ ಮಗುವಿನ ಮುಖ ಅವರಿಗೆ ಕಾಣುತ್ತಿತ್ತು, ಅವರ ಕಣ್ಣು ಮಗುವಿಗೆ ಕಾಣುತ್ತಿತ್ತು. ಅಷ್ಟೇ ಅದರ ಕೆಲಸ. ಗಂಟುಮೋರೆಯ ಆ ಮನುಷ್ಯ ಹುಬ್ಬು ಒಂದನ್ನೇ ಮೇಲೆತ್ತುತ್ತಿದ್ದರು, ಆಮೇಲೆ ಇನ್ನೊಂದನ್ನು. ಪುಟ್ಟಿ ಕಿಸಕ್ಕನೆ ನಗುತ್ತಿದ್ದಳು. ನಾವು ಹಿಂದಿನಿಂದ ನೋಡಿದರೆ ಅವರ ಬೋಳುತಲೆ ಮಾತ್ರ, ಅದು ಮಿಸುಕುತ್ತಲೂ ಇರಲಿಲ್ಲ.

ಅವರ ಪಕ್ಕದ ಸೀಟಿನಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಆಟದ ಸಾಮಾನು ಎನ್ನುವಂಥದ್ದು ಒಂದೂ ಇಲ್ಲ. ಕೀಲಿಯಿಲ್ಲದ ಬೀಗ, ಎತ್ತಿನ ಕೊರಳ ಗಂಟೆ, ಸೈಕಲ್ ಬೆಲ್ಲಿನ ಟೋಪಿ, ಹಳೇ ಹಾರ್ನಿನ ರಬ್ಬರ್ ಉಂಡೆ, ಮುಚ್ಚಳವಿರುವ ಸ್ಟೀಲ್ ಡಬ್ಬಿ, ಅಕ್ಕಿ ಅಳೆಯುವ ಪಾವು, ಹೊನ್ನಾಳಿ ಹೊಳೆಯಲ್ಲಿ ಹೆಕ್ಕಿದ ನುಣುಪಾದ ಒಂದು ಕರಿಕಲ್ಲು. ಪ್ರತಿಯೊಂದನ್ನೂ ಸೋಪು ಹಾಕಿ ತೊಳೆದು ತರುತ್ತಿದ್ದರು. ಮಗುವಿಗೆ ಹಾಲು ಕುಡಿಸುವ ಒಳಲೆಯೊಂದು ಅವರ ಹತ್ತಿರ ಇತ್ತು. ಆ ಒಳಲೆಯೊಳಗೆ ಹಿಡಿಸುವಂಥ ಯಾವ ವಸ್ತುವೂ ಚೀಲಕ್ಕೆ ಸೇರುವಂತಿರಲಿಲ್ಲ. ಒಳಲೆಯಲ್ಲಿ ಹಿಡಿದದ್ದು ಗಂಟಲಲ್ಲೂ ಹಿಡಿಯುತ್ತದೆ ಎಂದು ಅವರ ಲೆಕ್ಕ.

ಕೊಡುವುದರಲ್ಲಿ ಮಾತ್ರ ಮಹಾ ಜಿಪುಣರು. ಒಂದು ಊರಿಗೆ ಒಂದೇ. ಶಿಕಾರಿಪುರ ದಾಟಿದ ಮೇಲೆ ಬೀಗ ಕೈಗೆ ಬರುತ್ತಿತ್ತು, ಸವಳಂಗದಲ್ಲಿ ಅದು ಹೋಗಿ ಗಂಟೆ ಬರುತ್ತಿತ್ತು. ಮಗು ಆಡುತ್ತಲೇ ಇದ್ದರೂ ಸರಿ, ಊರು ಬಂತೆಂದರೆ ಹಿಂದಕ್ಕೆ ಕೈ ಚಾಚಿ ಹಳೆಯದನ್ನು ಕೇಳಿ ತೆಗೆದುಕೊಂಡು ಹೊಸದನ್ನು ಕೊಡುವರು. ಬೇಜಾರು ಬರುವ ಮೊದಲೇ ಬದಲಾಯಿಸಬೇಕಂತೆ, ಬಂದ ಮೇಲೆ ಏನು ಕೊಟ್ಟರೂ ಎಸೆಯುತ್ತವಂತೆ. ನನ್ನ ಗಂಡ ಒಮ್ಮೆ ಪ್ರೀತಿಗೆಂದು ಎರಡು ಸಾಮಾನು ಒಟ್ಟಿಗೆ ಕೊಟ್ಟಾಗ ಕಾರು ನಿಲ್ಲಿಸಿ ಬೈದರು. "ಸಾವ್ಕಾರ್ರ, ಇನ್ನಾ ಎಂಟು ಊರು ಐತಿ. ಅಲ್ಲಿ ಏನ್ ಕೊಡ್ತೀರಿ, ನಿಮ್ಮ ತಲಿ?"

ಮೂರನೆಯ ಪ್ರಯಾಣದ ಹೊತ್ತಿಗೆ ಪುಟ್ಟಿಗೆ ನಾಲ್ಕು ಮಾತು ಬಂದಿತ್ತು. ಅವಳ ಮಟ್ಟಿಗೆ ಭದ್ರಾವತಿಯ ಹೆಸರು ಪೀಂ ಪೀಂ, ತರೀಕೆರೆಯ ಹೆಸರು ಡಬ್ಬಿ. ಕಡೂರು ಮಾತ್ರ ರೈಲು. ಅಲ್ಲಿ ಹಳಿ ರಸ್ತೆಯ ಹತ್ತಿರಕ್ಕೆ ಬರುವ ಕಡೆ ಒಂದು ಹುಣಸೇಮರ ಗುರುತು ಮಾಡಿಟ್ಟುಕೊಂಡಿದ್ದರು. ರೈಲು ಬರುವ ಹೊತ್ತು ಅವರಿಗೆ ಗೊತ್ತು. ಬೇಕೆಂದೇ ಬೀರೂರಿನಿಂದ ನಿಧಾನ ಮಾಡಿ, ಮರದ ಕೆಳಗೆ ನಿಲ್ಲಿಸಿ ಕಾಯುತ್ತಿದ್ದರು. ನಮ್ಮ ಕಡೆ ರೈಲೇ ಇಲ್ಲವಲ್ಲ, ಅವಳ ಜೊತೆ ನಾವೂ ಬಾಯಿ ತೆರೆದುಕೊಂಡು ನೋಡುತ್ತಿದ್ದೆವು.

ಅಡ್ಡಾದಿಡ್ಡಿ ನುಗ್ಗಿದ ಲಾರಿಯವರನ್ನು ಅವರು ಬೈಯುತ್ತಿದ್ದ ರೀತಿಯನ್ನೂ ಹೇಳಬೇಕು. ಬೈಗುಳ ಕಡಿಮೆಯದೇನಲ್ಲ, ಮನೆ ಹಾಳಾಗ, ಕಣ್ಣು ಸೇದಿ ಹೋಗ, ಎಲ್ಲ ಇತ್ತು. ಆದರೆ ಮಗು ಬೆಚ್ಚಬಾರದೆಂದು ಎಲ್ಲವನ್ನೂ ಜೋಗುಳದ ಧಾಟಿಯಲ್ಲಿ, ರಾಗವಾಗಿ, ತಲೆದೂಗುತ್ತ ಹೇಳುತ್ತಿದ್ದರು. ಪುಟ್ಟಿ ಚಪ್ಪಾಳೆ ತಟ್ಟುತ್ತಿದ್ದಳು. ನಾನು ಎಷ್ಟೋ ತಿಂಗಳ ಮೇಲೆ ಮೊದಲ ಸಲ ನಕ್ಕದ್ದು ಅರಸೀಕೆರೆಯ ಹತ್ತಿರ, ಒಬ್ಬ ಟ್ಯಾಂಕರಿನವನು ಅವರಿಂದ ಆಶೀರ್ವಾದ ಪಡೆದಾಗ.

ಒಂದು ದಿನವೂ ಅವಳನ್ನು ಎತ್ತಿಕೊಳ್ಳಲಿಲ್ಲ. ಅವಳಾಗಿಯೇ ಎರಡೂ ಕೈ ಚಾಚಿ ಅಜ್ಜಾ ಅಜ್ಜಾ ಎಂದರೂ ಇಲ್ಲ. ಇದೇನು ಕಲ್ಲೆದೆ ಎಂದು ನನಗೆ ಸಿಟ್ಟು ಬಂದಿತ್ತು. ಕೇಳಿದ್ದಕ್ಕೆ ಹೇಳಿದರು, "ಎತ್ಕಂಡ್ರ ಇಳಿಸ್ಬೇಕಾಕ್ಕತಿ. ಇಳಿಸಿದ್ರ ಅಳ್ತಾಳ. ಅದಕ್ಕ ಎತ್ಗಳೂದ ಬ್ಯಾಡ್ರಿ."

ಅವರ ಪೂಜೆಯ ವಿಷಯ. ಲಿಂಗಪೂಜೆ ಆಗದೆ ಅವರು ತೊಟ್ಟು ನೀರನ್ನೂ ಕುಡಿಯುತ್ತಿರಲಿಲ್ಲ. ನಾವು ಬೆಳಗಿನ ಐದಕ್ಕೆ ಹೊರಟರೆ ಅರಸೀಕೆರೆ ದಾಟಿದ ಮೇಲೆ ಒಂದು ತೆಂಗಿನ ತೋಟದ ಪಂಪಿನ ಹತ್ತಿರ ಕಾರು ನಿಲ್ಲುತ್ತಿತ್ತು. ಅಲ್ಲಿ ತಲೆಯ ಮೇಲೆ ನೀರು ಸುರುವಿಕೊಂಡು ಬಂದು, ಮುಂದಿನ ಸೀಟಿನಲ್ಲೇ ಪದ್ಮಾಸನ ಹಾಕಿ, ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಅದನ್ನೇ ನೋಡುತ್ತ ಹತ್ತು ನಿಮಿಷ ಕೂರುವರು. ಕಡೆಗೆ ಕಣ್ಣು ಮುಚ್ಚುವರು. ಇಡೀ ಪ್ರಯಾಣದಲ್ಲಿ ಪುಟ್ಟಿ ಯಾರ ಉಪಾಯವೂ ಇಲ್ಲದೆ ಸುಮ್ಮನಿರುತ್ತಿದ್ದುದು ಆ ಹತ್ತು ನಿಮಿಷ ಮಾತ್ರ. ಎರಡು ಸೀಟಿನ ನಡುವೆ ತಲೆ ತೂರಿಸಿ ನೋಡುತ್ತಿದ್ದಳು. ನಾಲ್ಕನೆಯ ಸಲ ಹೋದಾಗ ಆ ಊರಿನ ಪಾಲಿಗೆ ಕರಿಕಲ್ಲು ಬಂದಿತ್ತು. ಅವರು ಅತ್ತ ಲಿಂಗ ತೆಗೆದರು, ಇತ್ತ ಇವಳು ಕಲ್ಲನ್ನು ಎಡಗೈಯಲ್ಲಿಟ್ಟುಕೊಂಡು ಅದನ್ನೇ ದಿಟ್ಟಿಸುತ್ತ ಕೂತಳು. ನನಗೆ ಜೀವ ಹೋದಂತಾಯಿತು. ಅಷ್ಟು ನೇಮಸ್ಥ ಮನುಷ್ಯ, ಅಪಹಾಸ್ಯವೆಂದು ತಿಳಿದರೆ? ಕಣ್ಣು ತೆರೆದವರು ಚಿಕ್ಕ ಕನ್ನಡಿಯಲ್ಲಿ ಅವಳನ್ನು ಬಹಳ ಹೊತ್ತು ನೋಡಿದರು.

"ನನಗಿಂತ ಚಂದ ಕುಂತಾಳಲ್ರಿ" ಎಂದರು. ಆವತ್ತಿನಿಂದ ಆ ಕಲ್ಲು ಅವಳದೇ ಆಯಿತು. ಬೇರೆ ಯಾರ ಮಗು ಹತ್ತಿದರೂ ಅದನ್ನು ಚೀಲದಿಂದ ತೆಗೆಯುತ್ತಿರಲಿಲ್ಲವಂತೆ.

ಐದು ಸಲ ಹೋಗಿ ಬಂದೆವು. ಒಮ್ಮೆಯೂ ನೀಲಿಯಾಗಲಿಲ್ಲ. ಎರಡು ವರ್ಷ ತುಂಬಿ ಒಂದು ತಿಂಗಳಾಗುವಾಗ ತೂಕ ಸಾಕು ಎಂದು ಆಪರೇಷನ್ನಿಗೆ ದಿನ ಕೊಟ್ಟರು. ಭಾನುವಾರ ಹೊರಟು ಸೋಮವಾರ ಸೇರಿಸಬೇಕಿತ್ತು.

ಅದೇ ವಾರ ಗುರುವಾರ ಆ ಡ್ರೈವರ ಅಣ್ಣ ತೀರಿಕೊಂಡರು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ. ಆದರೂ ಅವರ ಬಗ್ಗೆ ಇಷ್ಟು ಹೇಳಿ ನನ್ನ ಬಗ್ಗೆ ಹೇಳದಿದ್ದರೆ ಅದು ಮೋಸವಾಗುತ್ತದೆ. ಶುಕ್ರವಾರ ಅಣ್ಣನ ಮಣ್ಣು ಮುಗಿಸಿ ಸಂಜೆ ಅವರೇ ಫೋನ್ ಮಾಡಿದರು. "ರವಿವಾರ ಐದಕ್ಕ ಬರ್ತೀನ್ರಿ ಅಕ್ಕೋರೆ. ಈ ಸಲ ಮೊದಲ ಬಂದು ಆಕಿನ್ನ ಒಂದು ಸುತ್ತು ಹಾಕ್ಸಾಕ ಆಗ್ಲಿಲ್ಲ. ನಾಳೆ ಸಂಜಿಗೆ ಬರ್ಲೇನ್ರಿ?" ನಾನು ಹೂಂ ಎಂದೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದರು.

"ಸಾವಾದ ಮನೆಯವರ ಗಾಡೀಲಿ ಆಪರೇಷನ್ನಿಗೆ ಹೋಗೂದಾ? ಮೂರು ದಿನ ಆಗ್ಲಿಲ್ಲ. ಬ್ಯಾಡ ಮಾರಾಯ್ತಿ."

"ನಮ್ಮಲ್ಲಿ ಸೂತಕ ಇಲ್ಲ ಅಲ್ದಾ ಅತ್ತೆ" ಎಂದೆ.

"ಇಲ್ಲ ಅನ್ನೂದು ಬೇರೆ. ಮಗೂ ಜೀವದ ಪ್ರಶ್ನೆ ಬೇರೆ."

ಅತ್ತೆ ಉಳವಿ ಕಡೆಯವರು. ಕೆಟ್ಟವರಲ್ಲ. ಪುಟ್ಟಿ ನೀಲಿಯಾದಾಗೆಲ್ಲ ದೇವರ ಮುಂದೆ ತಲೆ ಚಚ್ಚಿಕೊಂಡವರು. ಲಿಂಗ ಕಟ್ಟಿದವರಿಗೆ ಹುಟ್ಟಿನದಾಗಲಿ ಸಾವಿನದಾಗಲಿ ಸೂತಕವಿಲ್ಲ ಎಂದು ನಾವೆಲ್ಲ ಹೇಳುತ್ತೇವೆ. ಒಳಗೊಳಗೆ ಎಲ್ಲರ ಮನೆಯಲ್ಲೂ ಇದೆ. ನಾನು ಶಾಲೆಯಲ್ಲಿ ಪ್ರತಿ ವರ್ಷ ಶರಣರ ಬಗ್ಗೆ ಭಾಷಣ ಮಾಡುವವಳು. ಸೂತಕವೆಂಬುದು ಮೂಢನಂಬಿಕೆ ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವಳು. ಆ ರಾತ್ರಿ ನನ್ನ ತಲೆಯೊಳಗೂ ಒಂದು ಹುಳ ಹೊಕ್ಕಿತು. ಅತ್ತೆಯ ಮಾತು ಮೀರಿ ಹೋಗಿ ಆಪರೇಷನ್ನಿನಲ್ಲಿ ಏನಾದರೂ ಆದರೆ? ಅತ್ತೆಯ ತಲೆಗೆ ಕಟ್ಟಿ ನಾನು ಪಾರಾಗುವಂತಿಲ್ಲ, ಹೆದರಿದ್ದು ನಾನೇ. ನನ್ನ ಗಂಡ, ನೀವು ಹೇಗೆ ಹೇಳಿದರೆ ಹಾಗೆ ಎಂದು ಅಂಗಡಿಗೆ ಹೋದರು. ಮೈದುನನ ಹತ್ತಿರ ಹೊಸ ಕಾರಿತ್ತು.

ಶನಿವಾರ ಬೆಳಿಗ್ಗೆ ನಾನೇ ಫೋನ್ ಮಾಡಿದೆ. "ನೀವು ಪಾಪ ದಣಿದಿರ್ತೀರಿ. ಮೈದುನ ತಾನೇ ಕರ್ಕೊಂಡು ಹೋಗ್ತೀನಿ ಅಂತ ಹಟ ಹಿಡಿದಿದಾನೆ. ಈ ಸಲ ಅವನ ಕಾರಲ್ಲೇ ಹೋಗ್ತೀವಿ" ಎಂದೆ. ಮಕ್ಕಳು ಹೋಮ್‌ವರ್ಕ್ ಮರೆತು ಬಂದಾಗ ಹೇಳುವ ಸುಳ್ಳಿನಷ್ಟೇ ಸ್ಪಷ್ಟವಾದ ಸುಳ್ಳು.

"ಆತ್ರಿ ಅಕ್ಕೋರೆ" ಎಂದರು. ಆಮೇಲೆ, "ಚೀಲ ಕಳಿಸ್ಲೇನ್ರಿ? ಊರಿಗೊಂದರಂಗ ನೀವ ಕೊಡಬೌದು."

"ಬೇಡ, ಟ್ಯಾಬ್ ಇದೆ" ಎಂದೆ. ಆ ಚೀಲವೂ ಸಾವಿನ ಮನೆಯಿಂದಲೇ ಬರಬೇಕಿತ್ತಲ್ಲ.

ಹರಿಹರದ ಕಡೆಯಿಂದ ಹೋಗಿ ದೊಡ್ಡ ಹೆದ್ದಾರಿ ಹಿಡಿದೆವು. ಮೈದುನ ಮುತುವರ್ಜಿಯಿಂದಲೇ ಓಡಿಸಿದ. ನುಣ್ಣನೆ ರಸ್ತೆ, ತಣ್ಣನೆ ಏಸಿ, ಏರಿಸಿದ ಕಿಟಕಿ. ಆ ರಸ್ತೆ ಊರುಗಳ ಒಳಗೆ ಹೋಗುವುದಿಲ್ಲ, ಪಕ್ಕದಿಂದ ಹಾರಿಹೋಗುತ್ತದೆ. ದನವಿಲ್ಲ, ಬಸ್ಸಿಗೆ ಕಾಯುವ ಜನವಿಲ್ಲ, ರೈಲಿಲ್ಲ. ಟ್ಯಾಬಿನಲ್ಲಿ ಬಣ್ಣದ ಪ್ರಾಣಿಗಳು ಕುಣಿದವು, ಪುಟ್ಟಿ ನೋಡುತ್ತ ನಿದ್ದೆ ಹೋದಳು. ಸದ್ಯ ಎಂದುಕೊಂಡೆವು. ಚಿತ್ರದುರ್ಗ ದಾಟಿದ ಮೇಲೆ ಎದ್ದಳು. ಎದ್ದವಳು ಟ್ಯಾಬನ್ನು ತಳ್ಳಿ ಮುಂದೆ ನೋಡಿದಳು. ಅಲ್ಲಿ ಚಿಕ್ಕ ಕನ್ನಡಿ ಇರಲಿಲ್ಲ.

"ಅಜ್ಜ?" ಎಂದಳು.

"ಅಜ್ಜ ಆಮೇಲೆ ಬರ್ತಾರೆ" ಎಂದೆ.

"ಪೀಂ ಪೀಂ? ಡಬ್ಬಿ?" ಒಂದೊಂದೇ ಊರು ಕೇಳಿದಳು. ನನ್ನ ಹತ್ತಿರ ಒಂದೂ ಇರಲಿಲ್ಲ. ಎಡಗೈ ಚಾಚಿ ಕಲ್ಲು ಕೇಳಿದಳು. ನನ್ನ ಉಂಗುರ ಕಳಚಿ ಇಟ್ಟೆ, ಎಸೆದಳು. ಅಳು ಶುರುವಾಯಿತು.

ನನ್ನ ಕೈಯಲ್ಲಿ ಫೋನಿತ್ತು. ಅವರ ನಂಬರು ತೆಗೆದಿದ್ದೆ. ಒತ್ತಿ, ಸ್ಪೀಕರಿಗೆ ಹಾಕಿ, ಒಂದು ಸಲ ಲಾರಿಯವನಿಗೆ ಬೈದಂತೆ ಬೈಯಿರಿ ಎಂದರೆ ಸಾಕಿತ್ತು. ನಿನ್ನೆ ಅಷ್ಟು ನಯವಾಗಿ ಸುಳ್ಳು ಹೇಳಿ, ಇವತ್ತು ಯಾವ ಬಾಯಿಂದ ಕೇಳಲಿ ಎನ್ನಿಸಿತು. ಇನ್ನೆರಡು ನಿಮಿಷ ನೋಡೋಣ, ಸುಮ್ಮನಾಗುತ್ತಾಳೆ ಎಂದುಕೊಂಡೆ. ನಂಬರಿನ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದೆ. ಆಮೇಲೆ ಮಡಚಿ ಹಿಡಿಯಲು ಎರಡೂ ಕೈ ಬೇಕಾಯಿತು, ಫೋನು ಕಾಲ ಬುಡಕ್ಕೆ ಬಿತ್ತು. ಹಿರಿಯೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಯಾವ ಕಾರಿನಲ್ಲಿ ಹೋಗಿದ್ದರೂ ಆಗಬಹುದಿತ್ತು ಎಂದು ಡಾಕ್ಟರು ಹೇಳಿದರು. ಮನೆಯವರೆಲ್ಲ ಹಾಗೇ ಹೇಳಿದರು. ನಾನೂ ನಂಬಲು ನೋಡಿದೆ. ಫೋನಿನ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ, ನನ್ನ ಗಂಡನಿಗೂ.

ಮರುದಿನ ಹೊಲದ ಬದುವಿನ ಹತ್ತಿರ ಗುಂಡಿ ತೆಗೆದಿದ್ದರು. ನಮ್ಮಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಪುಟ್ಟಿಗೆ ಲಿಂಗ ಕಟ್ಟಿಸಿರಲಿಲ್ಲ. ಎದೆಯ ಮೇಲೆ ದಾರ ಇದ್ದರೆ ಪರೀಕ್ಷೆಗೆಲ್ಲ ಅಡ್ಡ, ಆಪರೇಷನ್ ಆಗಲಿ, ಆಮೇಲೆ ದೊಡ್ಡದಾಗಿ ಮಾಡೋಣ ಎಂದು ಮುಂದೂಡಿದ್ದೆವು. ಮಣ್ಣಿನ ಕ್ರಿಯೆ ಮಾಡಿಸಲು ಬಂದ ಅಯ್ಯನವರು ಅಂಗೈಯಲ್ಲಿ ಏನಿಡಲಿ ಎಂದು ಕೇಳಿದರು.

ಡ್ರೈವರು ಜನರ ಹಿಂದೆ ನಿಂತಿದ್ದರಂತೆ, ನಾನು ನೋಡಿರಲಿಲ್ಲ. ಮುಂದೆ ಬಂದು ಅಂಗಿಯ ಜೇಬಿನಿಂದ ಕರಿಕಲ್ಲು ತೆಗೆದರು.

"ಇದು ಆಕೀದ ಐತ್ರಿ. ಆಕಿ ಪೂಜಿ ಮಾಡಿದ್ದು."

ಅಯ್ಯನವರು ಕಲ್ಲನ್ನೂ ಅವರನ್ನೂ ನೋಡಿದರು. ಯಾರೋ ಹಿರಿಯರು, ಹೊಳೆಯ ಕಲ್ಲು ಹೇಗೆ ಇಡುವುದು ಎಂದು ಗೊಣಗಿದರು. ಅಯ್ಯನವರು ಕಲ್ಲಿಗೆ ವಿಭೂತಿ ಹಚ್ಚಿ, "ಇಳೀರಿ, ನೀವ ಇಡ್ರಿ" ಎಂದರು. ಆ ವಯಸ್ಸಿನಲ್ಲಿ ಗುಂಡಿಯೊಳಗೆ ಇಳಿದರು. ಮೇಲಿಂದ ಅವಳನ್ನು ಕೊಟ್ಟಾಗ ಎರಡೂ ಕೈ ಚಾಚಿ ಎತ್ತಿಕೊಂಡರು. ಬಹಳ ಹೊತ್ತು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಇಳಿಸಿದರು.

ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ಆರು ವರ್ಷ ಒಂದೇ ಊರಿನಲ್ಲಿದ್ದೆವು. ನಾನು ಶಾಲೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ದಾರಿ ಬಿಟ್ಟು ಸಂತೆಮಾಳದ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಎಲ್ಲಾದರೂ ಎದುರಾದರೆ ಅವರು "ಆರಾಮೇನ್ರಿ ಅಕ್ಕೋರೆ" ಎನ್ನುವರು, ನಾನು ಹೂಂ ಎನ್ನುವೆ. ಒಂದಲ್ಲ ಒಂದು ದಿನ ನಿಂತು ಎಲ್ಲ ಹೇಳಬೇಕು ಎಂದುಕೊಂಡೇ ಆರು ವರ್ಷ ಕಳೆದವು. ಹೋದ ತಿಂಗಳು ಒಂದು ಸೋಮವಾರ ಸ್ನಾನಕ್ಕೆ ಹೋದವರು ಅಲ್ಲೇ ಕುಸಿದರಂತೆ. ಮಣ್ಣಿಗೆ ಹೋದೆ. ಜನ ಬಹಳ ಇದ್ದರು, ಹೆಚ್ಚಿನವರು ಮಕ್ಕಳನ್ನು ಎತ್ತಿಕೊಂಡು ಬಂದ ಹೆಂಗಸರು.

ಮೂರನೆಯ ದಿನಕ್ಕೆ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕಿತ್ತು. ನಾನು ಅವರ ಮಗನಿಗೇ ಫೋನ್ ಮಾಡಿ ಅದೇ ಕಾರು ಹೇಳಿದೆ. ಅತ್ತೆಯನ್ನು ಚುಚ್ಚಲು ಬೇಕೆಂದೇ ಹಾಗೆ ಮಾಡಿದೆನೇ ಎಂದು ಕೇಳಿದರೆ, ಹೌದು, ಅದೂ ಇತ್ತು. ಅತ್ತೆ ಅಂಗಳದಲ್ಲಿ ನಿಂತಿದ್ದ ಬಿಳಿ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಸೆರಗು ಹೊದ್ದು ಹತ್ತಿದರು.

ಮಗನಿಗೆ ಮೂವತ್ತೈದು ದಾಟಿರಬೇಕು. ಅಪ್ಪನ ಹಾಗಲ್ಲ, ಮಾತುಗಾರ. ಚಿಕ್ಕ ಕನ್ನಡಿ ಹಾಗೇ ಇತ್ತು, ತಂತಿಗೆ ತುಕ್ಕು ಹಿಡಿದಿತ್ತು.

"ತೆಗೀಬೇಕು ಅನ್ಕಂಡಿದ್ದೆ ಅಕ್ಕೋರೆ, ಅಪ್ಪ ಬಿಡ್ತಿರ್ಲಿಲ್ಲ" ಎಂದ. ಶಿಕಾರಿಪುರ ದಾಟುವ ತನಕ ಅಪ್ಪನ ವಿಷಯವೇ. ಆಮೇಲೆ, "ನಿಮ್ಮ ಪಾಪೂದು ಒಂದು ಮಾತು ಹೇಳ್ಲೇನ್ರಿ? ಬ್ಯಾಸರ ಮಾಡ್ಕಬ್ಯಾಡ್ರಿ" ಎಂದ.

"ಹೇಳಿ" ಎಂದೆ.

"ನೀವು ಆಪರೇಷನ್ನಿಗೆ ಹೋದ ದಿನ ಅಪ್ಪ ಐದಕ್ಕ ಗಾಡಿ ತೊಳ್ದು ಸ್ಟ್ಯಾಂಡಿಗೆ ಬಂದು ಕುಂತಿದ್ರು. ಬಾಡಿಗಿ ಬಂದ್ರ ಒಲ್ಲೆ ಅಂದ್ರು. ಚೀಲ ಪಕ್ಕದಾಗ, ಫೋನು ಕೈಯಾಗ. ಆಕಿ ಅಳಾಕ ಹತ್ತಿದ್ರ ಅಕ್ಕೋರು ಫೋನ್ ಮಾಡ್ತಾರ, ಫೋನ್ನಾಗ ಆಡಸ್ಬೇಕು ಅಂತ. ಗಂಟಿ, ಪೀಂ ಪೀಂ ಎಲ್ಲಾ ತೆಗದು ಸಾಲಾಗಿ ಇಟ್ಕಂಡಿದ್ರು. ಮಧ್ಯಾಹ್ನ ಆದ್ರೂ ಪೂಜಿ ಮಾಡ್ಲಿಲ್ಲ. ಕಣ್ಣು ಮುಚ್ಚಿದಾಗ ಫೋನ್ ಬಂದ್ರ ಅಂತ. ನೀರೂ ಕುಡೀಲಿಲ್ರಿ ಆವತ್ತು. ಸುದ್ದಿ ಬರೂ ತನ ಹಂಗ ಕುಂತಿದ್ರು."

ಅತ್ತೆ ಕಿಟಕಿಯ ಕಡೆ ತಿರುಗಿದ್ದವರು ಇತ್ತ ತಿರುಗಿದರು. ನಾನು ಚಿಕ್ಕ ಕನ್ನಡಿಯನ್ನು ನೋಡುತ್ತಿದ್ದೆ. ನೆಟ್ಟಗೆ ಕೂತರೆ ಅದರಲ್ಲಿ ನನ್ನ ಖಾಲಿ ತೊಡೆ ಮಾತ್ರ ಕಾಣುತ್ತಿತ್ತು.

"ಕಡೀತನ ಅದನ್ನ ಹೇಳ್ತಿದ್ರು" ಎಂದ ಅವನು, ನನಗೆ ಸಮಾಧಾನ ಮಾಡುವವನಂತೆ. "ಅಕ್ಕೋರು ಮಾಡೇ ಮಾಡಿರ್ತಾರ, ಆ ರೋಡಿನಾಗ ನೆಟ್‌ವರ್ಕ್ ಸಿಕ್ಕಿರೂದಿಲ್ಲ ಅಂತ. ಸಿಗಲಿಲ್ಲ ಅಲ್ರಿ?"

ಸವಳಂಗ ಬರುತ್ತಿತ್ತು.

"ನೆಟ್‌ವರ್ಕ್ ಇತ್ತು" ಎಂದೆ.